ಬೆಂಕಿಯಿಂದ ಹಿಮದವರೆಗೆ: ಪ್ರೇರಿ ಬಯಲಿನ ಒಂದು ವರ್ಷ

(ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆಟ್ಟ, ಕಡಲು, ಕಾಡು – ಇವನ್ನು ನೋಡಲು ನಾವು ಹಣ ಖರ್ಚು ಮಾಡಿಕೊಂಡು ಹೋಗುತ್ತೇವೆ. ಬಯಲನ್ನು ನೋಡಲೆಂದು ಹೋಗುವವರು ಕಡಿಮೆ. ಬಯಲನ್ನು ನಾವು ದಾಟುತ್ತೇವೆ, ಅಷ್ಟೆ. ರೈಲಿನ ಕಿಟಕಿಯಿಂದ ಒಮ್ಮೆ ಕಣ್ಣು ಹಾಯಿಸಿ, ‘ಇಲ್ಲೇನೂ ಇಲ್ಲ’ ಎಂದುಕೊಂಡು ನಿದ್ದೆ ಹೋಗುತ್ತೇವೆ. ಹೀಗೆ ‘ಏನೂ ಇಲ್ಲ’ ಎನ್ನಿಸಿಕೊಂಡೇ ಬಹುಮಟ್ಟಿಗೆ ಇಲ್ಲವಾಗಿ ಹೋದ ಒಂದು ಬಯಲಿನ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಅದು ಉತ್ತರ ಅಮೆರಿಕದ ನಡುಭಾಗದ ಪ್ರೇರಿ.

‘ಪ್ರೇರಿ’ ಎನ್ನುವುದು ಫ್ರೆಂಚ್ ಮಾತು. ಹುಲ್ಲುಗಾವಲು ಎಂದೇ ಅದರ ಅರ್ಥ. ನಮ್ಮ ಪಶ್ಚಿಮಘಟ್ಟವನ್ನು ದಾಟಿ ಬಯಲುಸೀಮೆಗೆ ಬಂದರೆ ಮಳೆ ಹೇಗೆ ಇಳಿಯುತ್ತದೆಯೋ, ಹಾಗೆಯೇ ಅಲ್ಲಿ ರಾಕಿ ಪರ್ವತಗಳ ಮರೆಯಲ್ಲಿ ಮಳೆ ಕಡಿಮೆ. ಆದ್ದರಿಂದ ಪರ್ವತದ ಬುಡದಲ್ಲಿ ಬೆಳೆಯುವುದು ಗಿಡ್ಡ ಹುಲ್ಲು. ಅಲ್ಲಿಂದ ಪೂರ್ವಕ್ಕೆ ಬಂದಂತೆಲ್ಲ ಮಳೆ ಹೆಚ್ಚುತ್ತದೆ, ಹುಲ್ಲಿನ ಎತ್ತರವೂ ಹೆಚ್ಚುತ್ತದೆ. ಕೊನೆಯ ಪಟ್ಟಿಯಲ್ಲಿ ಹುಲ್ಲು ಆಳೆತ್ತರವನ್ನೂ ಮೀರುತ್ತದೆ. ಈ ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲದಲ್ಲಿ ಸುಮಾರು 17 ಕೋಟಿ ಎಕರೆ ಹರಡಿತ್ತು. ನಮ್ಮ ಕರ್ನಾಟಕದಂಥ ಮೂರೂವರೆ ರಾಜ್ಯಗಳನ್ನು ಒಟ್ಟಿಗೆ ಹಾಸಿದಷ್ಟು ನೆಲ ಅದು. ಈಗ ಉಳಿದಿರುವುದು ಶೇಕಡಾ 4ಕ್ಕಿಂತ ಕಡಿಮೆ.

ಆ ಉಳಿಕೆಯ ದೊಡ್ಡ ಪಾಲು ಇರುವುದು ಕಾನ್ಸಾಸ್ ರಾಜ್ಯದ ಪೂರ್ವಭಾಗದ ಫ್ಲಿಂಟ್ ಹಿಲ್ಸ್ ಎಂಬ ದಿಬ್ಬಗಳ ಸೀಮೆಯಲ್ಲಿ. ಫ್ಲಿಂಟ್ ಎಂದರೆ ಚಕಮಕಿ ಕಲ್ಲು. ತೆಳುವಾದ ಮಣ್ಣಿನ ಕೆಳಗೇ ಸುಣ್ಣದ ಕಲ್ಲು, ಅದರೊಳಗೆ ಚಕಮಕಿ ಕಲ್ಲು. ನೇಗಿಲು ಹೂಡಿದರೆ ಗುಳ ಮುರಿಯುವ ನೆಲ. ಬೇರೆಡೆಯ ಪ್ರೇರಿ ತನ್ನ ಫಲವತ್ತಾದ ಮಣ್ಣಿನಿಂದಾಗಿ ನಾಶವಾಯಿತು. ಇಲ್ಲಿನದು ಕಲ್ಲಿನ ಪುಣ್ಯದಿಂದ ಉಳಿಯಿತು. 1996ರಲ್ಲಿ ಇಲ್ಲಿ ಸುಮಾರು 11 ಸಾವಿರ ಎಕರೆ ನೆಲವನ್ನು ರಾಷ್ಟ್ರೀಯ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ನಾವು ಈ ಸೀಮೆಯಲ್ಲೇ ನಿಂತು ಒಂದು ವರ್ಷವನ್ನು ನೋಡೋಣ. ಯಾಕೆಂದರೆ ಬಯಲನ್ನು ಒಂದು ದಿನದಲ್ಲಿ ನೋಡಲಾಗುವುದಿಲ್ಲ. ಅದಕ್ಕೆ ಒಂದು ವರ್ಷವೇ ಬೇಕು.

ವರ್ಷವನ್ನು ಎಲ್ಲಿಂದ ಶುರುಮಾಡುವುದು? ಯುಗಾದಿಯ ಹೊತ್ತಿಗೆ ನಮ್ಮಲ್ಲಿ ಮಾವು ಚಿಗುರಿರುತ್ತದೆ, ಬೇವು ಹೂಬಿಟ್ಟಿರುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಮಾರ್ಚ್ ಕೊನೆ ಮತ್ತು ಏಪ್ರಿಲ್‌ನಲ್ಲಿ, ಫ್ಲಿಂಟ್ ಹಿಲ್ಸ್‌ನ ವರ್ಷ ಶುರುವಾಗುತ್ತದೆ. ಚಿಗುರಿನಿಂದಲ್ಲ, ಬೆಂಕಿಯಿಂದ.

ಹಿಂದಿನ ವರ್ಷದ ಹುಲ್ಲು ಒಣಗಿ, ಹಿಮಕ್ಕೆ ಬಾಗಿ, ನೆಲದ ಮೇಲೆ ದಪ್ಪ ಹಾಸಿಗೆಯಾಗಿ ಬಿದ್ದಿರುತ್ತದೆ. ದನಗಳ ಒಡೆಯರು ಗಾಳಿಯ ದಿಕ್ಕು, ತೇವಾಂಶ ಎಲ್ಲ ನೋಡಿಕೊಂಡು, ನೆರೆಹೊರೆಯವರನ್ನು ಕೂಡಿಸಿಕೊಂಡು ಅದಕ್ಕೆ ಬೆಂಕಿ ಕೊಡುತ್ತಾರೆ. ಮೊದಲು ಗಾಳಿಗೆ ಎದುರಾಗಿ ನಿಧಾನವಾಗಿ ಒಂದು ಅಂಚನ್ನು ಸುಟ್ಟು ಎಲ್ಲೆ ಮಾಡಿಕೊಳ್ಳುತ್ತಾರೆ. ಆಮೇಲೆ ಗಾಳಿಯ ಜೊತೆಗೆ ಬೆಂಕಿಯನ್ನು ಬಿಡುತ್ತಾರೆ. ರಾತ್ರಿ ದೂರದಿಂದ ನೋಡಿದರೆ ದಿಬ್ಬಗಳ ಮೇಲೆ ಕೆಂಪು ದಾರ ಎಳೆದಂತೆ ಕಾಣುತ್ತದೆ. ಬೆಳಗಾದಾಗ ನೆಲವೆಲ್ಲ ಕಪ್ಪು. ಅಂದು ಮೊದಲ ಬಾರಿ ಅಲ್ಲಿಗೆ ಬಂದವರು ‘ಅಯ್ಯೋ, ಎಲ್ಲ ಹೋಯಿತಲ್ಲ’ ಎನ್ನುವುದು ಸಹಜ.

ಏನೂ ಹೋಗಿಲ್ಲ. ಮರ ಬೆಳೆಯುವುದು ತನ್ನ ಕೊಂಬೆಯ ತುದಿಯಿಂದ. ತುದಿ ಸುಟ್ಟರೆ ಎಳೆಯ ಮರ ಸಾಯುತ್ತದೆ. ಬಹುವರ್ಷ ಬಾಳುವ ಈ ಹುಲ್ಲುಗಳ ಮೊಗ್ಗು ಇರುವುದು ನೆಲದ ಮಟ್ಟದಲ್ಲಿ ಅಥವಾ ಮಣ್ಣಿನ ಒಳಗೆ. ಬೆಂಕಿ ಬೇಗ ಹಾದುಹೋಗುತ್ತದೆ, ಅದರ ಕಾವು ಮಣ್ಣಿನೊಳಕ್ಕೆ ಹೆಚ್ಚು ಇಳಿಯುವುದಿಲ್ಲ. ಒಣಹುಲ್ಲಿನ ಹಾಸು ಹೋದದ್ದರಿಂದ ನೆಲಕ್ಕೆ ಬಿಸಿಲು ಬೀಳುತ್ತದೆ, ಕಪ್ಪು ನೆಲ ಬೇಗ ಕಾಯುತ್ತದೆ, ಹುಲ್ಲು ಬೇಗ ಚಿಗುರುತ್ತದೆ. ಕೆಲವೇ ವಾರಗಳಲ್ಲಿ ಆ ಕರಿಯ ದಿಬ್ಬಗಳು ಕಣ್ಣು ಕುಕ್ಕುವ ಹಸಿರಾಗುತ್ತವೆ. ಮರವನ್ನು ತಡೆದು ಹುಲ್ಲನ್ನು ಉಳಿಸುವುದು ಬೆಂಕಿ, ಮೇಯುವ ಪ್ರಾಣಿ ಮತ್ತು ಬರ. ಈ ಮೂರೂ ಇಲ್ಲದಿದ್ದರೆ ಈ ಸೀಮೆಯಲ್ಲಿ ಬಯಲು ಇರುತ್ತಿರಲಿಲ್ಲ.

ಈ ಗುಟ್ಟು ದನಗಳ ಒಡೆಯರು ಕಂಡುಹಿಡಿದದ್ದಲ್ಲ. ಅವರಿಗಿಂತ ಬಹಳ ಹಿಂದೆಯೇ ಕಾನ್ಸಾ, ಓಸೇಜ್ ಮುಂತಾದ ಮೂಲನಿವಾಸಿಗಳು ಬಯಲಿಗೆ ಬೆಂಕಿ ಇಡುತ್ತಿದ್ದರು. ಹೊಸ ಚಿಗುರನ್ನು ಹುಡುಕಿಕೊಂಡು ಬೇಟೆಯ ಪ್ರಾಣಿಗಳು ಬರುತ್ತಿದ್ದವು. ಕಾನ್ಸಾಸ್ ರಾಜ್ಯಕ್ಕೆ ಹೆಸರು ಬಂದದ್ದೇ ಕಾನ್ಸಾ ಜನರಿಂದ. ಆದರೆ 1873ರಲ್ಲಿ ಆ ಜನರನ್ನೇ ಅಲ್ಲಿಂದ ಎಬ್ಬಿಸಿ ಈಗಿನ ಒಕ್ಲಹೋಮಕ್ಕೆ ಸಾಗಿಸಲಾಯಿತು. ರಾಜ್ಯಕ್ಕೆ ಹೆಸರು ಉಳಿಯಿತು, ಹೆಸರಿನವರು ಉಳಿಯಲಿಲ್ಲ.

ಇದೇ ದಿನಗಳ ಮುಂಜಾವಿನಲ್ಲಿ ಬಯಲಿನಿಂದ ಒಂದು ವಿಚಿತ್ರ ಸದ್ದು ಏಳುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬರುವಂಥ ಗಂಭೀರ ದನಿ. ಅದು ಪ್ರೇರಿ ಕೋಳಿಯ ಹುಂಜಗಳದು. ಕತ್ತಿನ ಎರಡೂ ಬದಿಯ ಕಿತ್ತಳೆ ಬಣ್ಣದ ಚೀಲಗಳನ್ನು ಉಬ್ಬಿಸಿ, ಕತ್ತಿನ ಗರಿಗಳನ್ನು ಕಿವಿಯಂತೆ ನೆಟ್ಟಗೆ ನಿಲ್ಲಿಸಿ, ಕಾಲನ್ನು ಪಟಪಟನೆ ನೆಲಕ್ಕೆ ಬಡಿಯುತ್ತ ಅವು ಹೇಂಟೆಗಳೆದುರು ಕುಣಿಯುತ್ತವೆ. ಕುಣಿಯಲು ಅವುಗಳಿಗೆ ಹುಲ್ಲು ಗಿಡ್ಡವಾಗಿರುವ ತೆರೆದ ಜಾಗ ಬೇಕು. ಆದರೆ ಮೊಟ್ಟೆ ಇಡಲು ಹಳೆಯ ಹುಲ್ಲಿನ ಮರೆ ಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಮತ್ತೆ ಇಲ್ಲಿಗೆ ಬರುತ್ತೇನೆ.

ಮೇ, ಜೂನ್ ಬಂದಾಗ ಗುಡುಗಿನ ಮಳೆ. ದಕ್ಷಿಣದ ಕಡಲ ಕಡೆಯಿಂದ ಬರುವ ತೇವದ ಗಾಳಿ ಉತ್ತರ ಮತ್ತು ಪಶ್ಚಿಮದ ಒಣಗಾಳಿಯನ್ನು ಎದುರುಗೊಳ್ಳುವ ಸ್ಥಳ ಇದು. ತಡೆಯಲು ನಡುವೆ ಬೆಟ್ಟವಿಲ್ಲ. ಆದ್ದರಿಂದ ಮೋಡ ಮೇಲೇಳುವುದನ್ನು ಹತ್ತಾರು ಮೈಲಿ ದೂರದಿಂದಲೇ ನೋಡಬಹುದು. ಆಲಿಕಲ್ಲು, ಸುಂಟರಗಾಳಿ ಎರಡೂ ಈ ತಿಂಗಳುಗಳ ಅತಿಥಿಗಳು. ವರ್ಷದ ಸರಾಸರಿ ಮಳೆ ಸುಮಾರು 835 ಮಿಲಿಮೀಟರ್. ಅದರ ಮುಕ್ಕಾಲು ಭಾಗ ಬೀಳುವುದು ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ, ಹುಲ್ಲಿಗೆ ಬೇಕಾದಾಗ.

ಹುಲ್ಲು ಇನ್ನೂ ಮೊಣಕಾಲೆತ್ತರ ಇರುವಾಗಲೇ ಹೂಗಳು ತಮ್ಮ ಕೆಲಸ ಮುಗಿಸಿಕೊಳ್ಳಲು ಆತುರಪಡುತ್ತವೆ. ಕಾಡುನೀಲಿಯ ನೀಲಿ, ಬಿಳಿ ಗೊಂಚಲುಗಳು ಮೊದಲು. ಇವು ಅವರೆ, ತೊಗರಿಯ ಬಳಗದವು. ಅವುಗಳಂತೆಯೇ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಟ್ಟು ಮಣ್ಣಿಗೆ ಗೊಬ್ಬರವಾಗುತ್ತವೆ. ಆಮೇಲೆ ಕಡುಕಿತ್ತಳೆ ಬಣ್ಣದ ಹಾಲುಗಿಡ. ಇದು ನಮ್ಮ ಎಕ್ಕದ ಸಂಬಂಧಿ. ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಚಿಟ್ಟೆಯನ್ನು ನೀವೆಲ್ಲ ನೋಡಿದ್ದೀರಿ. ಅದರ ಹತ್ತಿರದ ನೆಂಟ ಮೊನಾರ್ಕ್ ಚಿಟ್ಟೆ. ಅದು ಮೊಟ್ಟೆ ಇಡುವುದು ಅಲ್ಲಿನ ಹಾಲುಗಿಡಗಳ ಮೇಲೆ ಮಾತ್ರ. ಸಾವಿರಾರು ಮೈಲಿ ದೂರದಲ್ಲಿದ್ದರೂ ಗಿಡದ ಮನೆತನಕ್ಕೂ ಚಿಟ್ಟೆಯ ಮನೆತನಕ್ಕೂ ಇರುವ ಒಕ್ಕಲುತನ ಒಂದೇ.

ಜುಲೈ, ಆಗಸ್ಟ್ ಉರಿಬಿಸಿಲಿನ ತಿಂಗಳು. ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ನಮ್ಮ ಮನೆಯಂಗಳದ ಹುಲ್ಲು ಸುಟ್ಟುಹೋಗುವ ಈ ಬಿಸಿಲಿನಲ್ಲೇ ಪ್ರೇರಿಯ ಹುಲ್ಲು ಹಿಗ್ಗಿ ಎದ್ದುನಿಲ್ಲುತ್ತದೆ. ಮುಖ್ಯವಾದ ನಾಲ್ಕು ಹುಲ್ಲುಗಳಲ್ಲಿ ಹಿರಿಯದು ಬಿಗ್ ಬ್ಲೂಸ್ಟೆಮ್. ಆರರಿಂದ ಎಂಟು ಅಡಿ ಬೆಳೆಯುತ್ತದೆ, ಮೂರು ಕವಲಿನ ಅದರ ತೆನೆ ಹಕ್ಕಿಯ ಪಾದದಂತಿರುತ್ತದೆ. ಇನ್ನೊಂದಕ್ಕೆ ಇಂಡಿಯನ್ ಹುಲ್ಲು ಎಂದು ಹೆಸರು. ಅದರ ಶಾಸ್ತ್ರೀಯ ನಾಮಕ್ಕೆ ‘ಜೋಳದಂತೆ ಕಾಣುವುದು’ ಎಂದು ಅರ್ಥ. ಹೆಸರಿಟ್ಟವರು ತಪ್ಪಲಿಲ್ಲ. ಈ ಎರಡೂ ಹುಲ್ಲುಗಳು, ನಮ್ಮ ಜೋಳ, ಕಬ್ಬು, ಮೆಕ್ಕೆಜೋಳ – ಎಲ್ಲ ಒಂದೇ ಗುಂಪಿನವು. ಬಿಸಿಲು ಏರಿದಾಗಲೂ ಕಡಿಮೆ ನೀರಿನಲ್ಲಿ ಆಹಾರ ತಯಾರಿಸಿಕೊಳ್ಳುವ ವಿದ್ಯೆ ಇವಕ್ಕೆಲ್ಲ ಗೊತ್ತು. ವಿಜಾಪುರದ ರೈತ ಈ ಬಯಲಿನ ನಡುವೆ ನಿಂತರೆ ಊರು ಬೇರೆ ಎನ್ನಿಸಿದರೂ ಬೆಳೆ ತೀರ ಹೊಸದು ಎನ್ನಿಸಲಿಕ್ಕಿಲ್ಲ.

ಈ ತಿಂಗಳಲ್ಲೇ ದಿಕ್ಸೂಚಿ ಗಿಡ ಹಳದಿ ಹೂ ಬಿಡುತ್ತದೆ. ನಡುಹಗಲಿನ ಬಿಸಿಲು ತಪ್ಪಿಸಿಕೊಳ್ಳಲು ಅದರ ಅಗಲವಾದ ಎಲೆಗಳು ಅಂಚನ್ನು ಉತ್ತರ-ದಕ್ಷಿಣಕ್ಕೆ ಮಾಡಿ ನಿಲ್ಲುತ್ತವೆ. ಹೆಸರು ಬಂದದ್ದು ಹಾಗೆ. ಈ ಗಿಡದ ಕಥೆಯೊಂದನ್ನು ಹೇಳಬೇಕು. ಆಲ್ಡೊ ಲಿಯೋಪೋಲ್ಡ್ ಎಂಬ ಪ್ರಕೃತಿ ಚಿಂತಕರು ಉತ್ತರದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದರು. ಅಲ್ಲಿನ ಒಂದು ಹಳೆಯ ಸ್ಮಶಾನದ ಮೂಲೆಯಲ್ಲಿ, ನೇಗಿಲೂ ಕುಡುಗೋಲೂ ಮುಟ್ಟದ ಸಣ್ಣ ತುಂಡು ನೆಲದಲ್ಲಿ, ಪ್ರತಿ ಜುಲೈಗೆ ಈ ಗಿಡ ಹೂಬಿಡುವುದನ್ನು ಅವರು ಕಂಡಿದ್ದರು. ಒಂದು ವರ್ಷ ಹೋಗಿ ನೋಡಿದರೆ ರಸ್ತೆ ಕೆಲಸದವರು ಬೇಲಿ ಕಿತ್ತು ಗಿಡವನ್ನು ಕತ್ತರಿಸಿದ್ದರು. ಆ ಹಾದಿಯಲ್ಲಿ ಕಾರುಗಳಿಗೇನೂ ಕಡಿಮೆ ಇರಲಿಲ್ಲ. ಆದರೆ ಏನು ಹೋಯಿತೆಂದು ಗಮನಿಸಿದವರು ಎಷ್ಟು ಮಂದಿ ಎಂಬುದೇ ಅವರ ಕೊರಗು. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳು ತಿಂಗಳಿನ ಬದಲಾವಣೆಯನ್ನು ದಾಖಲಿಸಿದ ಅವರ ‘ಎ ಸ್ಯಾಂಡ್ ಕೌಂಟಿ ಅಲ್ಮನ್ಯಾಕ್’ 1949ರಲ್ಲಿ ಹೊರಬಂತು. ಅದನ್ನು ನೋಡಲು ಅವರೇ ಇರಲಿಲ್ಲ. 1948ರ ಏಪ್ರಿಲ್‌ನಲ್ಲಿ ನೆರೆಯವರ ಜಮೀನಿನ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸಲು ಹೋದಾಗ ಹೃದಯಾಘಾತದಿಂದ ಅವರು ತೀರಿಕೊಂಡಿದ್ದರು.

ಮತ್ತೆ ಕಾನ್ಸಾಸ್‌ಗೆ ಬರೋಣ. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಹಸಿರು ಇಳಿಯತೊಡಗುತ್ತದೆ. ಬ್ಲೂಸ್ಟೆಮ್ ತಾಮ್ರದ ಬಣ್ಣಕ್ಕೆ, ಆಮೇಲೆ ದ್ರಾಕ್ಷಾರಸದ ಬಣ್ಣಕ್ಕೆ ತಿರುಗುತ್ತದೆ. ರಸ್ತೆ ಬದಿಯಲ್ಲಿ ಕಾಡು ಸೂರ್ಯಕಾಂತಿ. ನಮ್ಮ ಹೊಲಗಳಿಗೆ ಎಣ್ಣೆಕಾಳಾಗಿ ಬಂದ ಸೂರ್ಯಕಾಂತಿಯ ತವರು ಉತ್ತರ ಅಮೆರಿಕವೇ. ಆಕಾಶದಲ್ಲಿ ಮೊನಾರ್ಕ್ ಚಿಟ್ಟೆಗಳ ದಂಡು. ಒಂದು ಗ್ರಾಮಿಗಿಂತ ಹಗುರವಾದ ಈ ಜೀವ ಚಳಿ ಕಳೆಯಲು ಮೆಕ್ಸಿಕೋದ ಬೆಟ್ಟಗಳವರೆಗೆ ಹಾರುತ್ತದೆ. ದಾರಿಖರ್ಚಿಗೆ ಮಕರಂದ ಕೊಡುವುದು ಪ್ರೇರಿಯ ಕೊನೆಯ ಹೂಗಳು.

ಹುಲ್ಲು ಒಣಗುತ್ತಿದೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ನಡೆಯುವುದು ಬೇರೆ. ಬೇಸಗೆಯಲ್ಲಿ ಎಲೆ ಗಳಿಸಿದ್ದನ್ನೆಲ್ಲ ಹುಲ್ಲು ಈಗ ಬೇರಿಗೆ ಇಳಿಸುತ್ತಿರುತ್ತದೆ. ಸುಗ್ಗಿಯಾದ ಮೇಲೆ ಕಾಳನ್ನು ಹಗೇವಿಗೆ ತುಂಬುವ ಹಾಗೆ. ಕಣ್ಣಿಗೆ ಕಾಣುವ ಒಣಹುಲ್ಲು ಬರಿದಾದ ಕಣ ಮಾತ್ರ.

ಚಳಿಗಾಲದಲ್ಲಿ ಬಯಲು ತನ್ನ ಅತ್ಯಂತ ಬಡ ಮುಖವನ್ನು ತೋರಿಸುತ್ತದೆ. ಬಿಳಿಯ ಹಿಮ, ಅದರ ಮೇಲೆ ನಸುಗೆಂಪು ಒಣಕಡ್ಡಿಗಳು, ಉತ್ತರದಿಂದ ಕೊರೆಯುವ ಗಾಳಿ. ಹಿಮದ ಅಡಿಯಲ್ಲಿ ಸುರಂಗ ಕೊರೆದುಕೊಂಡ ಸಣ್ಣ ಇಲಿಗಳು; ಅವುಗಳಿಗಾಗಿ ತಗ್ಗಿನಲ್ಲಿ ತೇಲುವ ಗಿಡುಗ. ಒಂದು ಕಾಲದಲ್ಲಿ ಇಲ್ಲಿ ಬೈಸನ್‌ಗಳಿದ್ದವು – ನಮ್ಮ ಕಾಡಿನ ಕಾಟಿಯಲ್ಲ, ಭುಜದ ಮೇಲೆ ಗುಡ್ಡದಂಥ ಡುಬ್ಬವಿರುವ ಬೇರೆ ಜಾತಿ. ದೊಡ್ಡ ತಲೆಯನ್ನೇ ಸಲಿಕೆ ಮಾಡಿ ಹಿಮ ಸರಿಸಿ ಹುಲ್ಲು ಮೇಯುತ್ತಿದ್ದವು. ಅಮೆರಿಕದ ಬಯಲುಗಳಲ್ಲಿ ಸುಮಾರು ಮೂರು ಕೋಟಿ ಇದ್ದವೆಂದು ಅಂದಾಜು. ಬೇಟೆಯ ಅಬ್ಬರದಲ್ಲಿ 1880ರ ದಶಕದ ಕೊನೆಗೆ ಉಳಿದದ್ದು ಸುಮಾರು ಒಂದು ಸಾವಿರ.

ಚಳಿಗಾಲದಲ್ಲಿ ಬಯಲು ಸತ್ತಿದೆಯೆ? ಇಲ್ಲ, ಅದು ನೆಲದ ಕೆಳಗಿದೆ. ಪ್ರೇರಿಯ ಜೀವರಾಶಿಯಲ್ಲಿ ಹೆಚ್ಚಿನ ಪಾಲು ಮಣ್ಣಿನೊಳಗಿನ ಬೇರುಗಳಲ್ಲಿರುತ್ತದೆ. ಕಲ್ಲು ಅಡ್ಡಬರದ ಕಡೆ ಬ್ಲೂಸ್ಟೆಮ್ ಬೇರು ಎಂಟು-ಹತ್ತು ಅಡಿ ಇಳಿಯಬಲ್ಲದು. ಅಲ್ಲಿನ ಅನೇಕ ಗಿಡಗಳ ಬೀಜಕ್ಕೆ ಚಳಿ ಒಂದು ಶಿಕ್ಷೆಯಲ್ಲ, ಸಂಸ್ಕಾರ. ತೇವದ ಚಳಿಯಲ್ಲಿ ಕೆಲವು ವಾರ ಇರದೆ ಅವು ಮೊಳೆಯುವುದೇ ಇಲ್ಲ. ಹಳೆಯ ಬೇರುಗಳು ಸಾಯುತ್ತ, ಹೊಸವು ಬೆಳೆಯುತ್ತ ಸಾವಿರಾರು ವರ್ಷ ನಡೆದದ್ದರಿಂದ ಪ್ರೇರಿಯ ಮಣ್ಣು ಕಪ್ಪಾಯಿತು. ನಮ್ಮ ಎರೆಭೂಮಿಯೂ ಕಪ್ಪೇ, ಆದರೆ ಕಾರಣ ಬೇರೆ. ನಮ್ಮದು ಬಹುಮಟ್ಟಿಗೆ ಕಲ್ಲು ಕರಗಿ ಆದದ್ದು. ಅವರದು ಹುಲ್ಲು ಕೊಳೆತು ಆದದ್ದು.

ಆ ಕಪ್ಪು ಮಣ್ಣೇ ಬಯಲಿಗೆ ಮುಳುವಾಯಿತು. ವಲಸೆ ಬಂದ ರೈತರು ಮೊದಮೊದಲು, ಮರ ಬೆಳೆಯದ ನೆಲ ಬೆಳೆ ಬೆಳೆದೀತೆ ಎಂದು ಸಂಶಯಪಟ್ಟರು. 1820ರ ಸರ್ಕಾರಿ ಯಾತ್ರೆಯೊಂದರ ನಂತರ ಪಶ್ಚಿಮದ ಗಿಡ್ಡಹುಲ್ಲಿನ ಸೀಮೆಯನ್ನು ನಕ್ಷೆಯಲ್ಲಿ ‘ಮಹಾ ಮರುಭೂಮಿ’ ಎಂದೇ ಬರೆಯಲಾಯಿತು. ಎತ್ತರದ ಹುಲ್ಲಿನ ಸೀಮೆಯಲ್ಲಿ ಅಂಟುಮಣ್ಣು ಕಬ್ಬಿಣದ ನೇಗಿಲಿಗೆ ಮೆತ್ತಿಕೊಳ್ಳುತ್ತಿತ್ತು. 1837ರಲ್ಲಿ ಇಲಿನಾಯ್ ರಾಜ್ಯದ ಕಮ್ಮಾರ ಜಾನ್ ಡಿಯರ್ ನುಣುಪಾದ ಉಕ್ಕಿನ ನೇಗಿಲು ಮಾಡಿದ. ಮಣ್ಣು ಅಂಟದೆ ಜಾರಿತು. 1862ರ ಕಾಯಿದೆ ವಲಸಿಗರಿಗೆ ತಲಾ 160 ಎಕರೆ ಸರ್ಕಾರಿ ನೆಲ ಕೊಡಮಾಡಿತು. 1874ರಲ್ಲಿ ಮುಳ್ಳುತಂತಿಗೆ ಹಕ್ಕುಪತ್ರ ಸಿಕ್ಕಿತು. ಒಂದೆರಡು ತಲೆಮಾರಿನಲ್ಲಿ ಬಯಲು ಹೊಲವಾಯಿತು. ‘ಪ್ರೇರಿ ರಾಜ್ಯ’ ಎಂದು ಇಂದಿಗೂ ಹೆಸರಿರುವ ಇಲಿನಾಯ್‌ನಲ್ಲಿ ಮೂಲ ಪ್ರೇರಿ ಉಳಿದಿರುವುದು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ಅದೂ ಹೆಚ್ಚಾಗಿ ರೈಲುಹಳಿಯ ಬದಿ ಮತ್ತು ಹಳೆಯ ಸ್ಮಶಾನಗಳಲ್ಲಿ.

ಆ ಹೊಲಗಳು ಕೋಟ್ಯಂತರ ಜನರಿಗೆ ಅನ್ನ ಕೊಟ್ಟಿವೆ. ಅದನ್ನು ಹಗುರ ಮಾಡಿ ಮಾತನಾಡುವುದು ಸರಿಯಲ್ಲ. ಆದರೆ ಬೇರಿನ ಹಿಡಿತ ತಪ್ಪಿದ ಮಣ್ಣಿಗೆ ಏನಾಗುತ್ತದೆ ಎಂಬುದನ್ನು 1930ರ ದಶಕ ತೋರಿಸಿತು. ಗಿಡ್ಡಹುಲ್ಲಿನ ಸೀಮೆಯನ್ನು ಗೋಧಿಗಾಗಿ ಉತ್ತಿದ್ದರು. ಬರ ಬಂತು, ಗಾಳಿ ಬಂತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ದೂಳಿನ ಗೋಡೆ ಹಗಲನ್ನೇ ಕತ್ತಲೆ ಮಾಡಿತು. ಅದೇ ವರ್ಷ ಅಮೆರಿಕ ಮಣ್ಣು ಸಂರಕ್ಷಣೆಗೆಂದೇ ಕಾಯಿದೆ ಮಾಡಿತು.

ಈಗ ಉಳಿದಿರುವ ಪ್ರಶ್ನೆ, ಉಳಿದದ್ದನ್ನು ಉಳಿಸಿಕೊಳ್ಳುವುದು ಹೇಗೆ? ಬೇಲಿ ಹಾಕಿ ಸುಮ್ಮನೆ ಬಿಟ್ಟರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. ಫ್ಲಿಂಟ್ ಹಿಲ್ಸ್‌ನಲ್ಲೇ 1971ರಲ್ಲಿ ಆರಂಭವಾದ ಕೊಂಜಾ ಪ್ರೇರಿ ಸಂಶೋಧನಾ ಕೇಂದ್ರವಿದೆ. ಅಲ್ಲಿ ನೆಲವನ್ನು ಭಾಗ ಮಾಡಿ ಕೆಲವನ್ನು ವರ್ಷಕ್ಕೊಮ್ಮೆ, ಕೆಲವನ್ನು ನಾಲ್ಕು ವರ್ಷಕ್ಕೊಮ್ಮೆ, ಕೆಲವನ್ನು 20 ವರ್ಷಕ್ಕೊಮ್ಮೆ ಸುಡುತ್ತಾರೆ. ಬೆಂಕಿ ಕಾಣದ ನೆಲ ಕೆಲವೇ ದಶಕಗಳಲ್ಲಿ ಪೊದೆಯಾಗಿ, ಸೀಡರ್ ಮರಗಳ ತೋಪಾಗಿ ಹೋಯಿತು. ಹಾಗೆಂದು ಪ್ರತಿವರ್ಷ ಸುಟ್ಟು, ಮೇಯಲು ಪ್ರಾಣಿಗಳನ್ನು ಬಿಡದಿದ್ದ ಕಡೆ ನಾಲ್ಕೈದು ಬಗೆಯ ಹುಲ್ಲೇ ಮೇಲುಗೈ ಪಡೆದು ಹೂಗಿಡಗಳು ಕಡಿಮೆಯಾದವು. 1987ರಲ್ಲಿ ಬೈಸನ್‌ಗಳನ್ನು ಮರಳಿ ತಂದು ಬಿಟ್ಟರು. ಬೈಸನ್ ಹೆಚ್ಚಾಗಿ ಹುಲ್ಲನ್ನೇ ಮೇಯುವುದರಿಂದ ಹೂಗಿಡಗಳಿಗೆ ಜಾಗ ಸಿಕ್ಕಿತು. 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೈಸನ್ ಮೇಯ್ದ ನೆಲದಲ್ಲಿ ಸ್ಥಳೀಯ ಸಸ್ಯಗಳ ಬಗೆಗಳು ಸುಮಾರು ಇಮ್ಮಡಿಯಾಗಿದ್ದವು. ನಡುವೆ ಬಂದ ತೀವ್ರ ಬರವನ್ನೂ ಆ ನೆಲ ತಾಳಿಕೊಂಡಿತು.

ಪ್ರೇರಿ ಕೋಳಿಯ ಮಾತು ನೆನಪಿದೆಯಲ್ಲ? ಎಲ್ಲವನ್ನೂ ಪ್ರತಿವರ್ಷ ಸುಟ್ಟರೆ ಅದಕ್ಕೆ ಗೂಡಿಗೆ ಮರೆಯಿಲ್ಲ. ಏನನ್ನೂ ಸುಡದಿದ್ದರೆ ಕುಣಿಯಲು ಜಾಗವಿಲ್ಲ. ಆದ್ದರಿಂದ ಕೆಲವರು ಈಗ ತಮ್ಮ ನೆಲವನ್ನು ಮೂರು ಪಾಲು ಮಾಡಿ ಸರದಿಯ ಮೇಲೆ ಸುಡುತ್ತಾರೆ. ಇನ್ನೊಂದು ಕಡೆ, ಏಪ್ರಿಲ್ ಹೊಗೆ ದೂರದ ನಗರಗಳ ಗಾಳಿಯನ್ನು ಕೆಡಿಸುತ್ತದೆಂಬ ದೂರು ಇದೆ, ಅದೂ ಸುಳ್ಳಲ್ಲ. ಬಯಲಿಗೆ ಬೇಕಾದ ಬೆಂಕಿಯನ್ನೂ ಊರಿಗೆ ಬೇಕಾದ ಉಸಿರನ್ನೂ ಒಟ್ಟಿಗೆ ನೋಡಿಕೊಳ್ಳುವುದು ಸುಲಭವಾದ ಲೆಕ್ಕವಲ್ಲ.

ಗೆಳೆಯರೆ, ಏಪ್ರಿಲ್‌ನಲ್ಲಿ ಬಂದವನಿಗೆ ಕಂಡದ್ದು ಬೂದಿ. ಆಗಸ್ಟ್‌ನಲ್ಲಿ ಬಂದವನಿಗೆ ಕಂಡದ್ದು ಬರೀ ಹುಲ್ಲು. ಜನವರಿಯಲ್ಲಿ ಬಂದವನಿಗೆ ಏನೂ ಕಾಣಲಿಲ್ಲ. ಮೂವರೂ ಕಂಡದ್ದನ್ನೇ ಹೇಳಿದರು, ಆದರೆ ಮೂವರ ಮಾತೂ ಬಯಲಿನ ಮಟ್ಟಿಗೆ ಸುಳ್ಳು. ಒಂದು ಋತುವಿನಲ್ಲಿ ನೋಡಿ ‘ಖಾಲಿ’ ಎಂದು ಷರಾ ಬರೆದುಬಿಟ್ಟರೆ ಅದರ ಮೇಲೆ ಏನನ್ನಾದರೂ ಮಾಡಬಹುದು ಎನ್ನಿಸುತ್ತದೆ. 17 ಕೋಟಿ ಎಕರೆಯ ಮೇಲೆ ನಡೆದದ್ದು ಅದೇ. ನಮ್ಮ ಅಮೃತಮಹಲ್ ಕಾವಲುಗಳಂಥ ಹುಲ್ಲುನೆಲವನ್ನೂ ನಾವು ಬೇಸಗೆಯಲ್ಲಿ ನೋಡಿ ‘ಬಂಜರು’ ಎಂದುಬಿಡುತ್ತೇವೆ. ಹಾಗೆನ್ನುವ ಮೊದಲು ಮಳೆ ಬಿದ್ದ ಮೇಲೊಮ್ಮೆ, ಚಳಿಯಲ್ಲೊಮ್ಮೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.